ಖದೀಜಾ ಬೀಬಿಯ ಕಥೆ ಹೇಳಿದ ಚಾಚಿ

ಹೋದ ವಾರ ಹಳೆಯ ತಲೆದಿಂಬೊಂದನ್ನು ಬಿಚ್ಚಿ ಹತ್ತಿಯನ್ನು ಬಿಸಿಲಿಗೆ ಹರವಿದ್ದೆ. ಕೈಯಾಡಿಸಿದಾಗ ಒಣ ಧೂಳಿನ, ಹತ್ತಿಕಾಳಿನ ಎಣ್ಣೆಯ ವಾಸನೆ ಎದ್ದಿತು. ಸೀನು ಬಂತು. ಅದರ ಹಿಂದೆಯೇ ಗಜೇಂದ್ರಗಡದ ಆ ಓಣಿ, ಅಂಗಳದ ತುಂಬ ಹತ್ತಿ ಹರವಿಕೊಂಡು ಕೂತ ಚಾಚಿ...

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ನರಗುಂದದವಳಾದ ನಾನು ಗಜೇಂದ್ರಗಡದ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಲು ಸೇರಿದ್ದೆ. ಮೊದಲ ನೌಕರಿ. ಬಾಡಿಗೆಗೆ ಹಿಡಿದ ಖೋಲಿಯ ಗೋಡೆಗೆ ಹತ್ತಿದ್ದೇ ಓಣಿಯವರೆಲ್ಲ ಚಾಚಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಆಕೆಯ ಮನೆ. ಅವರು ಪಿಂಜಾರ ಮುಸ್ಲಿಮರು, ಹತ್ತಿ ಹಿಂಜಿ ಗಾದಿ, ದಿಂಬು, ರಜಾಯಿ ಹೊಲಿಯುವುದು ಕಸುಬು. ಗಂಡ ತೀರಿಹೋಗಿದ್ದ. ಮಗ ಯಂತ್ರಕ್ಕೆ ಹತ್ತಿ ಹಾಕುತ್ತಿದ್ದ, ಚಾಚಿ ದಬ್ಬಣ ಹಿಡಿದು ಹೊಲಿಯುತ್ತಿದ್ದಳು. ಮನೆಯಲ್ಲಿ ಅವರಾಡುತ್ತಿದ್ದುದು ನಮ್ಮದೇ ಕನ್ನಡ. ನನ್ನ ತಾಯಿಗಿಂತ ಹಿರಿಯಳಾದರೂ ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದಳು. ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಕರೆಯುವುದೇ ಹಾಗೆ.

ಇಸ್ಲಾಂ ಧರ್ಮದ ಉದಯದ ಪಾಠ ಬಂತು. ನಾಲ್ಕು ಸಾಲು ಬಾಯಿಪಾಠ ಮಾಡಿಸಿ ಮುಗಿಸಬಹುದಿತ್ತು. ಆದರೆ ತರಗತಿಯಲ್ಲಿ ಮುಸ್ಲಿಂ ಮಕ್ಕಳು ಬಹಳ ಇದ್ದರು. ಅವರೆದುರು ಹೆಸರನ್ನೇ ತಪ್ಪಾಗಿ ಅಂದರೆ ಹೇಗೆ ಎಂಬ ಅಂಜಿಕೆ ನನ್ನದು. ಒಂದು ಸಂಜೆ ಪುಸ್ತಕ ಹಿಡಿದು ಚಾಚಿಯ ಅಂಗಳಕ್ಕೆ ಹೋದೆ. ಆಕೆಗೆ ಓದು ಬರುತ್ತಿರಲಿಲ್ಲ. ನಾನೇ ಓದಿದೆ. ದಬ್ಬಣ ನಿಲ್ಲಿಸದೆ ಕೇಳಿದವಳು ಕೊನೆಗೆ, “ಇದರಾಗ ಖದೀಜಾ ಬೀಬಿ ಎಲ್ಲಿ ಅದಾರ್ರಿ?” ಎಂದಳು. ಪುಸ್ತಕದಲ್ಲಿ ಪೈಗಂಬರರ ಹೆಂಡತಿ ಖದೀಜಾರ ಬಗ್ಗೆ ಇದ್ದುದು ಅರ್ಧ ಸಾಲು.

ಆಮೇಲೆ ತಾನೇ ಹೇಳಿದಳು. ಮಕ್ಕಾದ ಹೊರಗೆ, ಗುಡ್ಡದ ಗವಿಯಲ್ಲಿ ಒಬ್ಬರೇ ಕೂತಿದ್ದ ಪೈಗಂಬರರಿಗೆ ದೇವದೂತ ‘ಓದು’ ಎಂದನಂತೆ. ಓದು ಬಾರದ ಅವರು ನಡುಗುತ್ತ ಗುಡ್ಡವಿಳಿದು ಮನೆಗೆ ಬಂದು, ‘ನನಗೆ ಹೊದಿಸು’ ಎಂದರಂತೆ. ಖದೀಜಾ ಹೊದಿಸಿದರು. ನಡುಕ ನಿಲ್ಲುವ ತನಕ ಕಾದರು. ನೀವು ಸತ್ಯ ನುಡಿಯುವವರು, ಬಡವರ ಭಾರ ಹೊರುವವರು, ದೇವರು ನಿಮ್ಮನ್ನು ನಾಚಿಕೆಗೆ ಈಡುಮಾಡುವುದಿಲ್ಲ ಎಂದರು.

“ಆವಾಗ ಮಸೂತಿ ಇರಲಿಲ್ಲ, ಕಿತಾಬ ಇರಲಿಲ್ಲ, ಹಿಂದ ಮಂದಿ ಇರಲಿಲ್ಲ. ಎಲ್ಲಾರಕಿಂತ ಮೊದಲ ನಂಬಿದವ್ರು ಮನ್ಯಾನ ಹೆಣ್ಮಗಳು. ಅದನ್ನ ಹುಡುಗೋರಿಗೆ ಹೇಳ್ರಿ ಅಕ್ಕಾರ.”

ಮುಂದೆ ಬಡವರು ಬಂದದ್ದು, ಗುಲಾಮರು ಬಂದದ್ದು, ಆ ಗುಲಾಮರಲ್ಲೊಬ್ಬರಾದ ಬಿಲಾಲರನ್ನು ಕಾದ ಉಸುಕಿನ ಮೇಲೆ ಕೆಡವಿ ಎದೆಗೆ ಬಂಡೆ ಹೇರಿದ್ದು, ಊರೇ ಬಹಿಷ್ಕಾರ ಹಾಕಿ ಉಪವಾಸ ಕೆಡವಿದ್ದು... ಎಲ್ಲ ಹೇಳಿದಳು. ಕೊನೆಗೆ ಮದೀನಾದ ಜನ ಬಾಗಿಲು ತೆರೆದು ಕರೆದರು. ಅದನ್ನು ನೋಡಲು ಖದೀಜಾ ಇರಲಿಲ್ಲ, ಅದಕ್ಕೂ ಮೊದಲೇ ತೀರಿಹೋಗಿದ್ದರು. ಇಲ್ಲಿಗೆ ಬಂದಾಗ ಚಾಚಿಯ ದಬ್ಬಣ ನಿಂತಿತು.

ಪಾಠವನ್ನು ಹಾಗೆಯೇ ಮಾಡಿದೆ.

ಅದೇ ವರ್ಷ ವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗ ಚೀಟಿ ಇಟ್ಟುಕೊಂಡು ಬರೆಯುವುದನ್ನು ಹಿಡಿದೆ. ಆಡಳಿತ ಮಂಡಳಿಯ ಒಬ್ಬರ ಮಗ. ವರದಿ ಬರೆದುಕೊಟ್ಟೆ. ಮಧ್ಯಾಹ್ನ ಆಫೀಸಿಗೆ ಕರೆಸಿದರು. ನಾಲ್ವರು ಗಂಡಸರು ಸುತ್ತ ನಿಂತು, ತಪ್ಪು ನನ್ನದೇ ಎಂದು ಬರೆದುಕೊಡಬೇಕೆಂದರು. ಇಲ್ಲದಿದ್ದರೆ ಈ ಊರಿನಲ್ಲಿ ಹೇಗೆ ಇರುತ್ತೀರೋ ನೋಡುತ್ತೇವೆ ಎಂದರು. ನಾಳೆ ಹೇಳುತ್ತೇನೆಂದು ಹೊರಬಿದ್ದೆ. ಮಾರ್ಚಿನ ಬಿಸಿಲು, ಮೈ ಮಾತ್ರ ನಡುಗುತ್ತಿತ್ತು. ಖೋಲಿಯ ಕೀಲಿ ತೆಗೆಯಲು ಆಗದೆ ಚಾಚಿಯ ಕಟ್ಟೆಯ ಮೇಲೆ ಕುಸಿದೆ.

ಆಕೆ ಕೈ ಹಿಡಿದು ಎಬ್ಬಿಸಿದಳು. ಒಳಗೆ ಕರೆದೊಯ್ದು ಮಲಗಿಸಿ, ಗಿರಾಕಿಗೆಂದು ಹೊಲಿದಿಟ್ಟ ಹೊಸ ರಜಾಯಿ ತಂದು ಹೊದಿಸಿದಳು. ಎಷ್ಟು ಹೊತ್ತು ತಲೆ ಸವರಿದಳೋ... ನಾನೇ ಎಲ್ಲ ಹೇಳಿದ ಮೇಲೆ ಕೇಳಿದ್ದು ಒಂದೇ ಮಾತು.

“ನೀವು ಬರದದ್ದು ಖರೇ ಐತೇನ್ರಿ?”

“ಖರೇ ಐತಿ ಚಾಚಿ.”

“ಹಂಗಾರ ಅಂಜಬ್ಯಾಡ್ರಿ. ಖರೇ ಹೇಳಿದವರನ್ನ ಅಲ್ಲಾ ನಾಚಿಗಿಗೆ ಈಡ ಮಾಡೂದಿಲ್ಲ.”

ಆ ಮಾತು ಯಾರದೆಂದು ನನಗೆ ಗೊತ್ತಿತ್ತು. ಅದನ್ನೇ ಆಡುತ್ತಿದ್ದೇನೆಂದು ಆಕೆಗೆ ಅರಿವಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಶುಭ್ರವಾದ ಸೀರೆಯುಟ್ಟು ನನ್ನ ಜೊತೆ ಹೊರಟು ನಿಂತಳು. ಬೇಡವೆಂದರೂ ಕೇಳಲಿಲ್ಲ. ಆಫೀಸಿನ ಎದುರಿನ ಬೆಂಚಿನ ಮೇಲೆ ಕೂತಳು. ಯಾರು ನೀವು ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ, “ನಾ ಅಕ್ಕಾರ ಕಡೆಯಾಕಿರಿ,” ಎಂದಳು. ಶಾಲೆ ಬಿಡುವ ತನಕ ಅಲ್ಲಿಂದ ಏಳಲಿಲ್ಲ. ಅಂದು ಯಾರೂ ನನ್ನನ್ನು ಸುತ್ತುವರಿಯಲಿಲ್ಲ. ನಾನು ಬರೆದುಕೊಡಲೂ ಇಲ್ಲ. ಹುಡುಗ ಪರೀಕ್ಷೆಗೆ ಮತ್ತೆ ಕೂತ. ನನ್ನನ್ನು ಮುಂದಿನ ವರ್ಷ ಕೆಲಸಕ್ಕೆ ಕರೆಯಲಿಲ್ಲ. ಊರು ಬಿಡುವ ದಿನ ಚಾಚಿ ಬಸ್ಸಿನ ಕಿಟಕಿಯಲ್ಲಿ ಕೈ ಹಾಕಿ ನನ್ನ ಕೈ ಹಿಡಿದುಕೊಂಡಿದ್ದಳು, ಬಸ್ಸು ಅಲುಗುವ ತನಕ.

ಮುಂದೆ ಜಕ್ಕಲಿಯ ಕಡೆ ಸರಕಾರಿ ನೌಕರಿ ಸಿಕ್ಕಿತು. ಒಂದೆರಡು ಸಲ ಹೋಗಿ ಮಾತಾಡಿಸಿ ಬಂದೆ. ಆಮೇಲೆ ಮದುವೆ, ಮಕ್ಕಳು, ವರ್ಗಾವಣೆ... ದೂರವೇನೂ ಇರಲಿಲ್ಲ. ನಾನೇ ಹೋಗಲಿಲ್ಲ.

ಮೊನ್ನೆ ಭಾನುವಾರ ಹೋದೆ. ಮಗನ ಗಡ್ಡ ಬೆಳ್ಳಗಾಗಿದೆ. ಚಾಚಿ ಹೋಗಿ ಬಹಳ ವರ್ಷವಾಯಿತೆಂದ. ಕೇಳಿದ್ದಕ್ಕೆ ಕಬರಸ್ತಾನದ ಗೋಡೆಯವರೆಗೆ ಕರೆದುಕೊಂಡು ಹೋದ. ಹುಲ್ಲು ಬೆಳೆದ ಸಣ್ಣ ಸಣ್ಣ ದಿಬ್ಬಗಳು. ಹೆಚ್ಚಿನವಕ್ಕೆ ಕಲ್ಲಿಲ್ಲ, ಹೆಸರಿಲ್ಲ. ಆತ ಅತ್ತಿತ್ತ ನೋಡಿ, “ಆ ಬೇವಿನ ಗಿಡದ ಕಡೆ ಇರಬೇಕ್ರಿ ಅಕ್ಕಾರ... ಎಷ್ಟ್ ಮಳಿಗಾಲ ಆದವು, ಮಣ್ಣ ಕುಂತೈತಿ,” ಎಂದು ತಲೆ ತಗ್ಗಿಸಿದ.

ಇರಲಿ ಬಿಡಪ್ಪ ಎಂದೆ. ಯಾವುದು ಆಕೆಯದೆಂದು ತಿಳಿಯದೆ, ಅಲ್ಲಿದ್ದ ಎಲ್ಲರಿಗೂ ಸೇರಿಸಿ ಕೈಮುಗಿದೆ.