ರವಿಕೆಗೆ ಸಿಕ್ಕಿಸಿಕೊಂಡ ರೇಡಿಯಂ

ಯುದ್ಧದ ಕಾಲ. ಹೊಗೆಸೊಪ್ಪು ಹಾಕುತ್ತಿದ್ದ ಅಮ್ಮನ ಕೆನ್ನೆಯೊಳಗೆ ಹುಣ್ಣಾಗಿ, ಅದು ಕ್ಯಾನ್ಸರ್ ಎಂದರು. ನಾನೂ ಅಪ್ಪನೂ ಬಂಗಾರಪೇಟೆಯಲ್ಲಿ ರೈಲು ಹತ್ತಿ ಅವಳನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಕೆನ್ನೆಗೆ ರೇಡಿಯಂ ತುಂಬಿದ ಸೂಜಿಗಳನ್ನು ಚುಚ್ಚಿ ಬಟ್ಟೆ ಕಟ್ಟಿದರು. ಅದರಿಂದ ಹೊರಡುವ ಗಾಮಾ ಕಿರಣ ಕಣ್ಣಿಗೆ ಕಾಣುವುದಿಲ್ಲವಂತೆ, ಬಿಸಿಯೂ ಇಲ್ಲವಂತೆ, ಮಾಂಸ ಮೂಳೆ ದಾಟಿ ಹೋಗುತ್ತದಂತೆ. ಹುಣ್ಣನ್ನು ಸಾಯಿಸುತ್ತದೆ, ಆದರೆ ಹತ್ತಿರ ಕೂತರೆ ನಿಮಗೆ ಕೆಡುಕು ಎಂದರು. ಔಷಧವೋ ವಿಷವೋ, ಯಾವುದಾದರೂ ಒಂದು ಹೇಳಬಾರದೇ ಎಂದು ನನಗೆ ರೇಗಿತು.

ಮಾರನೆಯ ಬೆಳಗ್ಗೆ ಅಮ್ಮನ ಹೊದಿಕೆ ಕೊಡವುವಾಗ ದಾರ ಪೋಣಿಸಿದ ಸಣ್ಣ ಸೂಜಿಯೊಂದು ಬಿತ್ತು. ಬಿದ್ದ ಸೂಜಿಯನ್ನು ನಮ್ಮ ಹೆಂಗಸರು ಬಿಡುವುದುಂಟೇ? ಹೊಲಿಗೆಯದೆಂದು ರವಿಕೆಯ ಅಂಚಿಗೆ ಸಿಕ್ಕಿಸಿಕೊಂಡು ಮರೆತೇಬಿಟ್ಟೆ.

ಸಂಜೆ ನರ್ಸಮ್ಮ ಕಟ್ಟು ಬಿಚ್ಚಿ ನೋಡಿದರೆ ಒಂದು ಸೂಜಿ ಇಲ್ಲ. ಚಿನ್ನಕ್ಕಿಂತ ದುಬಾರಿ ಸಾಮಾನು ಎಂದು ಗಲಾಟೆಯೋ ಗಲಾಟೆ. ನಮ್ಮಿಬ್ಬರನ್ನೂ ಬೇರೆ ಕೋಣೆಗೆ ಕರೆದು, ಮೊದಲು ಅಪ್ಪನ ಅಂಗಿ ಬಿಚ್ಚಿಸಿದರು. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ದಿನಾ ಕೆಲಸ ಮುಗಿಸಿ ಮೇಲೆ ಬಂದಾಗ ಬಾಯಿ, ತಲೆಗೂದಲು ಎಲ್ಲ ತಡಕಿಸಿಕೊಂಡವನು ಅಪ್ಪ. ಅವನ ಬಳಿ ಎಂದೂ ಒಂದು ಚೂರು ಚಿನ್ನ ಸಿಕ್ಕಿರಲಿಲ್ಲ. ಅದೊಂದೇ ಅವನ ಹೆಮ್ಮೆ.

ಆಮೇಲೆ ಒಂದು ಗಾಜಿನ ಪೆಟ್ಟಿಗೆ ತಂದರು. ಒಳಗೆ ಅಗಲಿ ನಿಂತ ಎರಡು ಚಿನ್ನದ ರೇಕು. ರೇಡಿಯಂ ಹತ್ತಿರವಿದ್ದರೆ ಅವು ಕೂಡಿಕೊಳ್ಳುತ್ತವಂತೆ. ನನ್ನ ಮುಂದೆ ಹಿಡಿದಾಗ ಕೂಡಿಕೊಂಡವು. ನರ್ಸಮ್ಮ ನನ್ನ ರವಿಕೆಯ ಅಂಚಿನಿಂದ ಆ ಸೂಜಿಯನ್ನು ಕಿತ್ತುಕೊಂಡರು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಅಡ್ಡ ಬಂದ. “ನಾನೇ ಕೊಟ್ಟಿದ್ದು ಸ್ವಾಮಿ, ಮಡಿಕೋ ಅಂತ. ಅವಳ್ದೇನೂ ತೆಪ್ಪಿಲ್ಲ.” ಕಳ್ಳ ಎಂದು ಎಲ್ಲರ ಮುಂದೆ ಬೈಸಿಕೊಂಡ.

ವಾರದ ಮೇಲೆ ಅಮ್ಮನನ್ನು ಕರೆದುಕೊಂಡು ಊರಿಗೆ ಬರುವಾಗ, “ಒಲಿಗೆ ಸೂಜಿ ಅಂದ್ಕೊಂಡೆ ಅಪ್ಪ, ನಿನ್ನಾಣೆ” ಎಂದೆ.

“ಓಗ್ಲಿ ಬುಡವ್ವ” ಎಂದು ಕಿಟಕಿಯ ಕಡೆ ತಿರುಗಿದ.

ಇನ್ನೊಂದು ವಾರಕ್ಕೆ ಸೂಜಿಯಿದ್ದ ಜಾಗದಲ್ಲಿ ಚರ್ಮ ಕೆಂಪಾಗಿ, ಸುಟ್ಟಂತೆ ಬೊಬ್ಬೆ ಎದ್ದಿತು. ಅಂದು ನನಗೆ ಚುರ್ ಎಂದೂ ಅನ್ನಿಸಿರಲಿಲ್ಲ. ಅತ್ತ ಅಮ್ಮನ ಹುಣ್ಣು ಒಣಗುತ್ತಿತ್ತು. ಅವಳನ್ನು ವಾಸಿ ಮಾಡಿದ್ದೇ ನನ್ನನ್ನು ಸುಟ್ಟದ್ದು ಹೇಗೆ? ಅಮ್ಮನನ್ನು ಮತ್ತೆ ತೋರಿಸಲು ಹೋದಾಗ ಕೇಳಿದರೆ, ಎಲ್ಲ ಅಳತೆಯ ಮೇಲಿದೆ ಎಂದರು ಡಾಕ್ಟರು. ನನ್ನ ತಲೆಗೆ ಇಂದಿಗೂ ಹತ್ತಿಲ್ಲ.

ಅಪ್ಪ ಗಾಯ ನೋಡಿ, ಏನೂ ಕೇಳದೆ ಬೆಣ್ಣೆ ತಂದುಕೊಟ್ಟ. ನಾನು ಕದ್ದೆನೆಂದೇ ಕೊನೆಯವರೆಗೂ ನಂಬಿದ್ದ. ಬೈದಿದ್ದರೆ ಎದುರು ವಾದಿಸುತ್ತಿದ್ದೆ. ಅವನು ಬೈಯಲೇ ಇಲ್ಲ.