ಅಕ್ಕನ ಸೆರಗು ಮುಚ್ಚಿದ್ದು

ಗಬ್ಬೂರಿನ ನಮ್ಮ ಬೀಗರು ಸಿಕ್ಕಾಗಲೆಲ್ಲ ಅಕ್ಕನ ಬಗ್ಗೆ ಹೊಗಳುತ್ತಿದ್ದುದು ಒಂದೇ ವಿಷಯ. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿಯದೆ ದೊಡ್ಡವರೆದುರು ಮಾತಾಡುವವಳಲ್ಲ. "ಈಗಿನ ಕಾಲದಾಗ ಇಂಥಾ ಸೊಸಿ ಯಾರಿಗಿ ಸಿಗ್ತಾಳ್ರೀ?" ಎಂದು ಅವಳ ಅತ್ತೆ ಅಂದರೆ ನಾವು ಉಬ್ಬಿಹೋಗುತ್ತಿದ್ದೆವು. ನಾನಂತೂ ಇದನ್ನೇ ಎತ್ತಿ ಹೆಂಡತಿಯನ್ನು ಚುಚ್ಚುತ್ತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅಕ್ಕನ ಬಾಯಿ ವಾಸನೆ ಬರುತ್ತಿತ್ತು, ಅಷ್ಟೇ. ಅದನ್ನು ಮುಚ್ಚಲು ಅವಳು ಸೆರಗು ಹಿಡಿದರೆ ನಾವೆಲ್ಲ ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟೆವು. ಉಜ್ಜಿದರೆ ವಸಡಿನಿಂದ ರಕ್ತ ಬರುತ್ತದೆಂದು ಹೆದರಿ ಎಡಗಡೆಯ ಹಲ್ಲುಗಳಿಗೆ ಬ್ರಷ್ ಮುಟ್ಟಿಸುವುದನ್ನೇ ಅವಳು ಬಿಟ್ಟಿದ್ದಳು. ನೋವು ಜಾಸ್ತಿಯಾದಾಗ ಒಂದು ಲವಂಗ ಕಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

ನಾನು ಮಾನ್ವಿಯಲ್ಲಿ ವಿಜ್ಞಾನದ ಮೇಷ್ಟ್ರು. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಇವೆ ಎಂದು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದು ಗೋಬರ್ ಗ್ಯಾಸಿನ ಉದಾಹರಣೆ ಕೊಡುತ್ತೇನೆ. ಅಂಥವೇ ಕೆಲವು ಮನುಷ್ಯನ ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ, ಗಾಳಿ ತಲುಪದ ಕಡೆ, ಮನೆ ಮಾಡಿಕೊಂಡು ನಾತ ಹುಟ್ಟಿಸುತ್ತವೆ ಎಂಬುದು ಪಾಠದಲ್ಲಿ ಇರಲಿಲ್ಲ. ನಾನೂ ಪಾಠದಾಚೆ ತಲೆ ಕೆಡಿಸಿಕೊಳ್ಳುವವನಲ್ಲ.

ಹೋದ ಶ್ರಾವಣದಲ್ಲಿ ಅವಳ ಎಡಗೆನ್ನೆ ಬಾತುಕೊಂಡಿತು. "ಕೆನ್ನಿಗಿ ಗಾಳಿ ಹೊಕ್ಕದ" ಎಂದು ಅತ್ತೆ ತೀರ್ಪು ಕೊಟ್ಟರು. ಕಿವಿ, ಕೆನ್ನೆ ಎಲ್ಲ ಸೇರಿಸಿ ಬಟ್ಟೆ ಬಿಗಿದು, ಮೂರು ದಿನ ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಟ್ಟರು. ಔಷಧದ ಅಂಗಡಿಯಿಂದ ನೋವಿನ ಗುಳಿಗೆ ಬಂತು. ಗಾಳಿಯಂತೆ ಗಾಳಿ! ಅಲ್ಲಿಗೆ ನಿಜವಾಗಿ ಗಾಳಿ ಹೊಕ್ಕಿದ್ದರೆ ಆ ಹಾಳು ಕ್ರಿಮಿಗಳು ಅಷ್ಟು ಬೆಳೆಯುತ್ತಲೇ ಇರಲಿಲ್ಲ.

ನಾಲ್ಕನೆಯ ದಿನ ಬಾವು ದವಡೆಯ ಕೆಳಗಿಳಿದು ಕುತ್ತಿಗೆ ಹಿಡಿಯಿತು. ಉಗುಳು ನುಂಗಲೂ ಆಗುತ್ತಿರಲಿಲ್ಲ. ಭಾವ ಫೋನ್ ಮಾಡಿದ ಕೂಡಲೇ ಮಾನ್ವಿಯಿಂದ ಹೊರಟೆ. ನಾನು ರಾಯಚೂರಿನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಕ್ಕ ಹಲ್ಲಿನ ಡಾಕ್ಟರ ಕುರ್ಚಿಯ ಮೇಲಿದ್ದಳು. ಡಾಕ್ಟರು ಬಾಯಿ ತೆಗೆಯಿರಿ ಅನ್ನುತ್ತಿದ್ದಾರೆ, ಇವಳು ಸೆರಗು ಬಿಡುತ್ತಿಲ್ಲ. ಎದುರಿಗೆ ಅವಳ ಮಾವ ನಿಂತಿದ್ದರು. "ಯಪ್ಪಾ, ನೀವು ಜರಾ ಹೊರಗ ನಡೀರಿ" ಎಂದು ಡಾಕ್ಟರು ಅವರನ್ನು ಕಳಿಸಿದ ಮೇಲೆಯೇ ಸೆರಗು ಸರಿದದ್ದು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯಿತು.

ದವಡೆಯ ಕೆಳಗೆ ಕೊಯ್ದು ಕೀವು ತೆಗೆದರು. ಬಾಗಿಲಾಚೆ ನಿಂತ ನನಗೂ ನಾತ ಬಂತು. ಡಾಕ್ಟರು ಹೊರಗೆ ಬಂದು ಹೇಳಿದರು: "ಈ ನಾತನ ಹೇಳ್ತದ್ರೀ ಮಾಸ್ತರ, ಇವು ಗಾಳಿ ಒಲ್ಲದ ಕ್ರಿಮಿ. ವಸಡು ಮುಗಿಸಿ ಎಲುಬಿಗಿ ಕೈ ಹಾಕ್ಯಾವ. ಇನ್ನೊಂದು ದಿನ ಬಿಟ್ಟಿದ್ರ ಉಸಿರ ನಿಲ್ತಿತ್ತು. ಇಷ್ಟು ವರ್ಷ ಮನ್ಯಾಗ ಯಾರಿಗೂ ವಾಸನಿ ಬರಲಿಲ್ಲೇನು?"

ಬಾವು ಇಳಿದ ಮೇಲೆ ಐದು ಹಲ್ಲು ಕಿತ್ತರು. ನೋಡಲು ಬಂದ ಬೀಗರು ದೃಷ್ಟಿ ತಾಗಿದೆ ಎಂದು ಹೇಳಿ, ಬಾಳೆಹಣ್ಣು ಇಟ್ಟು ಹೋದರು. ಅಗಿಯಲಾರದವಳಿಗೆ ಬಾಳೆಹಣ್ಣಾದರೂ ತಂದರಲ್ಲ, ಅದೇ ಪುಣ್ಯ.

ಎಲ್ಲರೂ ಹೋದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಅವರಿಗಿ ಹೇಳಾಕ ನಾಚಿಕಿ, ಸರಿ. ನನಗರ ಹೇಳಬಾರದೇನಕ್ಕಾ? ನಾ ಏನ್ ಹೊರಗಿನವನೇನು?"

ಅವಳು ನಿಧಾನವಾಗಿ, ಹೊಲಿಗೆ ಹಾಕಿದ ದವಡೆಯನ್ನು ಕೈಯಿಂದ ಹಿಡಿದುಕೊಂಡು ಮಾತಾಡಿದಳು.

"ನಿನ್ನ ಮದುವ್ಯಾಗ, ಅಕ್ಕಿಕಾಳು ಹಾಕಿದ ಮ್ಯಾಲೆ, ನಿನ್ನ ಕಿವ್ಯಾಗ ಒಂದು ಮಾತು ಹೇಳಾಕ ಬಂದಿದ್ದೆ ತಮ್ಮಾ. ನೀ ಮೂಗು ಮುರದು ಮುಖ ತಿರುವಿದಿ. ನಿನಗ ಗೊತ್ತಾಗ್ಯಾದ ಅಂತ ತಿಳಕೊಂಡಿದ್ದೆ."

ನನಗೆ ಗೊತ್ತಾಗಿತ್ತು. ಅವಳು ಏನು ಹೇಳಲು ಬಂದಿದ್ದಳೆಂದು ನಾನು ಅವತ್ತೂ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ.