ಚೇಡತ್ತಿಯ ರಬ್ಬರ್ ಮರಗಳು

ಕೇರಳದಿಂದ ಬಂದು ಕಡಬದಲ್ಲಿ ರಬ್ಬರ್ ನೆಟ್ಟಿದ್ದ ನೆರೆಮನೆಯ ಅಕ್ಕನನ್ನು ಅವರ ಭಾಷೆಯಲ್ಲೇ ಚೇಡತ್ತಿ ಎನ್ನುತ್ತಿದ್ದೆವು. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವರೇ ಉಟ್ಟ ಬಿಳಿ ಮುಂಡಿನಲ್ಲೇ ಹಗ್ಗ ಹಿಡಿದು ಮರಗಳನ್ನು ಅಳೆಯುತ್ತಿದ್ದರು. ಸುತ್ತಳತೆ ಹಗ್ಗದ ಗಂಟಿಗೆ ಮುಟ್ಟುವ ಮೊದಲೇ ಗೀರಿ ಹಾಲು ತೆಗೆದರೆ ಮರ ಹಾಳಂತೆ.

"ಎಂತ ಚೇಡತ್ತಿ, ಅಳೆದರೆ ಮರ ಬೇಗ ದಪ್ಪ ಆಗ್ತದಾ?" ಎಂದು ನಾನು ಕೇಳುತ್ತಿದ್ದೆ.

"ದೇವರಿಗೆ ಗೊತ್ತುಂಟು ಮಗಳೇ," ಎಂದು ನಗುವರು.

ಸಸಿ ನೆಟ್ಟ ಏಳನೆಯ ವರ್ಷ ಅವರ ಗಂಡ ಕಾಯಿಲೆ ಬಿದ್ದರು. ಮನೆಯಲ್ಲಿ ಮೂರು ಹೊತ್ತೂ ಬೇಯಿಸಿದ ಮರಗೆಣಸು. "ಗಂಟಿಗೆ ಎರಡೇ ಬೆರಳು ಕಡಿಮೆ ಇರುದಲ್ವಾ, ಗೀರು ಮಾರಾಯ್ತಿ," ಎಂದು ಒಳಗಿನಿಂದ ಗಂಡನ ಕೂಗು.

ಚೇಡತ್ತಿ ಕತ್ತಿಯನ್ನು ತೊಗಟೆಗೆ ಹಿಡಿದು ಕಣ್ಣು ಮುಚ್ಚಿ ನಿಂತರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಮತ್ತೆ ಪಕ್ಕದಲ್ಲಿದ್ದ ನನ್ನತ್ತ ತಿರುಗಿ ಕತ್ತಿಯನ್ನು ನನ್ನ ಕೈಯಲ್ಲಿಟ್ಟರು.

"ಇದು ನಿನ್ನ ಮನೆಯಲ್ಲಿರಲಿ. ನಾಳೆ ನಾನೇ ಬಂದು ಕೇಳಿದರೂ ಕೊಡ್ಬೇಡ."